ಕೈಯಲ್ಲ, ಕಾಲು

ಕೇಳುಗರಿಗೆ ನಮಸ್ಕಾರ.

ಟೇಕಾಫ್‌ಗೆ ಓಡುತ್ತಿದ್ದ ವಿಮಾನ ರನ್‌ವೇ ಬಿಟ್ಟು ಪಕ್ಕದ ಮಣ್ಣಿಗೆ ನುಗ್ಗಿತು ಅಂತ ಸುದ್ದಿ ಬಂದರೆ ಸಾಕು, ನನಗೆ ಫೋನುಗಳು ಶುರು. "ಪೈಲಟ್ ಸ್ಟೇರಿಂಗ್ ಸರಿಯಾಗಿ ತಿರುಗಿಸಲಿಲ್ವಾ ಸಾರ್?" ಪೈಲಟ್‌ಗಳಿಗೆ ಪಾಠ ಹೇಳುತ್ತಲೇ ಕೂದಲು ಹಣ್ಣಾದವನು ನಾನು. ಉತ್ತರ ಹೇಳಿ ಹೇಳಿ ಸಾಕಾಗಿದೆ. ಇರಲಿ, ಇನ್ನೊಮ್ಮೆ ಹೇಳುತ್ತೇನೆ. ಓಡುವ ವಿಮಾನವನ್ನು ನೇರವಾಗಿ ಇಡುವುದು ಕೈಯಲ್ಲ, ಕಾಲು.

ಪೈಲಟ್ ಎದುರಿಗಿರುವ ಹಿಡಿ ಕಾರಿನ ಸ್ಟೇರಿಂಗ್ ಥರ ಕಾಣುತ್ತದೆ, ಅಲ್ವಾ? ಅದನ್ನು ತಿರುಗಿಸಿದರೆ ರೆಕ್ಕೆ ವಾಲುತ್ತದೆ, ಚಕ್ರ ತಿರುಗುವುದಿಲ್ಲ. ಮೂಗಿನ ಚಕ್ರಕ್ಕೆ ಪಕ್ಕದಲ್ಲಿ ಟಿಲ್ಲರ್ ಅಂತ ಸಣ್ಣ ಹಿಡಿ ಇದೆ. ಅದು ನಿಧಾನವಾಗಿ ಸಾಗುವಾಗ ಮಾತ್ರ. ವೇಗ ಏರಿದ ಮೇಲೆ ಪೆಡಲ್‌ಗಳೇ ಗತಿ. ಬಲ ಪೆಡಲ್ ಒತ್ತಿದರೆ ಬಾಲದ ಚುಕ್ಕಾಣಿ, ಅಂದರೆ ರಡ್ಡರ್, ಬಲಕ್ಕೆ ತಿರುಗುತ್ತದೆ. ಗಾಳಿ ಅದಕ್ಕೆ ಬಡಿದು ಬಾಲ ಎಡಕ್ಕೆ, ಮೂತಿ ಬಲಕ್ಕೆ.

ಪಕ್ಕದಿಂದ ಗಾಳಿ ಬೀಸಿದರೆ? ಜೋರು ಗಾಳಿಯಲ್ಲಿ ಅಗಲವಾದ ಹಲಗೆ ಹೊತ್ತು ನಡೆದವರಿಗೆ ಗೊತ್ತು, ಅದು ಸುಮ್ನೆ ಇರುವುದಿಲ್ಲ, ನಮ್ಮನ್ನೇ ತಿರುಗಿಸುತ್ತದೆ. ವಿಮಾನದ ಎತ್ತರದ ಬಾಲವೂ ಅಂಥದೇ ಹಲಗೆ. ಗಾಳಿ ಬಾಲವನ್ನು ತಳ್ಳುತ್ತದೆ, ಮೂತಿ ಗಾಳಿ ಬಂದ ಕಡೆಗೆ ಹೊರಳುತ್ತದೆ. ಅದನ್ನು ತಡೆಯುವುದು ಯಾವುದು? ಕಾಲು!

ಈ ಕಥೆಯನ್ನು ನನ್ನ ಯಾವ ತರಗತಿಯೂ ತಪ್ಪಿಸಿಕೊಂಡಿಲ್ಲ. 2008ರ ಡಿಸೆಂಬರ್ 20, ಅಮೆರಿಕದ ಡೆನ್ವರ್. ಕಾಂಟಿನೆಂಟಲ್ ಏರ್‌ಲೈನ್ಸ್‌ನ ಬೋಯಿಂಗ್ 737. ಒಳಗೆ 115 ಜನ. ಸಂಜೆ ಕತ್ತಲು. ರನ್‌ವೇ ಹೆಚ್ಚುಕಮ್ಮಿ ಉತ್ತರಕ್ಕೆ ಮುಖಮಾಡಿದೆ, ಗಾಳಿ ಪಶ್ಚಿಮದಿಂದ, ಅಂದರೆ ಎಡಗಡೆಯಿಂದ. ಗಾಳಿ 27 ನಾಟ್ ಅಂತ ಟವರ್‌ನವರು ಹೇಳಿದರು. ಗಂಟೆಗೆ 50 ಕಿಲೋಮೀಟರ್ ಅಂದುಕೊಳ್ಳಿ. ಕಂಪನಿಯ ಮಿತಿ 33 ನಾಟ್, ಹಾಗಾಗಿ ಹೊರಡಬಹುದು. ಆದರೆ ಅದೇ ನಿಲ್ದಾಣದ ಬೇರೆ ಮಾಪಕಗಳು ಇನ್ನೂ ಜೋರು ಗಾಳಿ ತೋರಿಸುತ್ತಿದ್ದವು. ಆ ಲೆಕ್ಕ ಪೈಲಟ್‌ಗಳ ಕಿವಿಗೆ ಬೀಳಲೇ ಇಲ್ಲ.

ವಿಮಾನ ಓಡಿತು. ಕ್ಯಾಪ್ಟನ್ ಬಲ ಪೆಡಲ್ ಒತ್ತಿದ್ದರು, ಸರಿಯಾಗಿಯೇ ಒತ್ತಿದ್ದರು. ಆಗ 45 ನಾಟ್‌ನ ಗಾಳಿ ಬಂದು ಬಡಿಯಿತು. ಆ ಹೊತ್ತಿಗೇ ಕ್ಯಾಪ್ಟನ್ ಬಲಗಾಲನ್ನು ಸಡಿಲ ಬಿಟ್ಟರು. ಕೈ ಎಲ್ಲಿಗೆ ಹೋಯಿತು? ಟಿಲ್ಲರ್‌ಗೆ! ನೋಡಿ, ಗಾಬರಿಯಾದಾಗ ಮನುಷ್ಯ ಕೈಯನ್ನೇ ನಂಬುತ್ತಾನೆ. ಕಾಲು ಬಿಟ್ಟ ನಾಲ್ಕೇ ಸೆಕೆಂಡಿನಲ್ಲಿ ವಿಮಾನ ರನ್‌ವೇ ಬಿಟ್ಟು ಎಡಕ್ಕೆ ನುಗ್ಗಿತು. ಹಳ್ಳದಿಣ್ಣೆ ದಾಟಿ ನಿಂತಾಗ ಬಲಗಡೆ ಬೆಂಕಿ.

ಆ ಗಾಳಿಯನ್ನು ತಡೆಯುವಷ್ಟು ಶಕ್ತಿ ರಡ್ಡರ್‌ಗೆ ಇತ್ತು ಅಂತ ತನಿಖೆಯವರು ಆಮೇಲೆ ಲೆಕ್ಕ ಹಾಕಿ ಹೇಳಿದರು. ಹಾಗಂತ ಕ್ಯಾಪ್ಟನ್ ಒಬ್ಬರನ್ನೇ ಬೈಯುವವರನ್ನು ಕಂಡರೆ ನನಗೆ ಆಗುವುದಿಲ್ಲ. ಅವರು ಕಲಿತ ಸಿಮ್ಯುಲೇಟರ್‌ನಲ್ಲಿ, ಅಂದರೆ ನೆಲದ ಮೇಲೆ ಅಭ್ಯಾಸ ಮಾಡಿಸುವ ನಕಲಿ ವಿಮಾನದಲ್ಲಿ, ಗಾಳಿ ನಿಜವಾದ ಗಾಳಿಯ ಹಾಗೆ ಹೊಯ್ದಾಡುತ್ತಲೇ ಇರಲಿಲ್ಲ. ಅಲ್ಲಿ ಕಲಿಯದ್ದನ್ನು ಕಾಲು ಇಲ್ಲಿ ಹೇಗೆ ಮಾಡೀತು?

ಅಯ್ಯೋ, ಡೆನ್ವರ್‌ನಲ್ಲೇ ಸಮಯ ಕಳೆದುಬಿಟ್ಟೆ. ಇನ್ನು ಓಟದ ನಡುವೆ ಒಂದು ಎಂಜಿನ್ ಕೈಕೊಟ್ಟರೆ ಮೂತಿ ಸತ್ತ ಎಂಜಿನ್ ಕಡೆಗೆ ಎಳೆಯುತ್ತದೆ. ಅಲ್ಲಿಯೂ ಕಾಲೇ. ರನ್‌ವೇ ಒದ್ದೆಯಾಗಿದ್ದರೆ ಚಕ್ರಕ್ಕೆ ಹಿಡಿತ ಕಡಿಮೆ, ಕಾಲಿಗೆ ಕೆಲಸ ಜಾಸ್ತಿ.

ಪ್ರಯಾಣಿಕರಿಗೆ ಅಂತ ಬರೆದುಕೊಂಡಿದ್ದು ಎರಡೇ ಮಾತು ಉಳಿದಿವೆ. ಬೆಲ್ಟ್ ಬಿಗಿಯಾಗಿ ಕಟ್ಟಿ, ಸೊಂಟದ ಕೆಳಭಾಗಕ್ಕೆ. ಇಳಿಯಿರಿ ಅಂದಾಗ ಬ್ಯಾಗ್ ಮುಟ್ಟಬೇಡಿ. ಅರ್ಧದಷ್ಟು ಬಾಗಿಲುಗಳು ಮುಚ್ಚಿದ್ದರೂ 90 ಸೆಕೆಂಡಿನಲ್ಲಿ ಎಲ್ಲರೂ ಹೊರಗೆ ಬರಬೇಕು ಅಂತ ಲೆಕ್ಕ ಹಾಕಿ ವಿಮಾನ ಕಟ್ಟುತ್ತಾರೆ. ಆ ಲೆಕ್ಕದಲ್ಲಿ ನಿಮ್ಮ ಬ್ಯಾಗ್ ಇಲ್ಲ. ಡೆನ್ವರ್‌ನಲ್ಲಿ ಬಲಗಡೆ ಉರಿಯುತ್ತಿದ್ದರೂ 115 ಜನರೂ ಜೀವಂತವಾಗಿ ಹೊರಬಂದರು.

ನಮಸ್ಕಾರ.