ನಾಲ್ಕನೇ ಸಾಲಿನ ಟಿಟ್ಟಿಭ

ನಮಸ್ಕಾರ. ಮೊದಲು ಈ ಕೂಗು ಕೇಳಿ. ಟಿಟ್ಟೀ, ಟಿಟ್ಟೀ, ಟಿಟ್ಟೀ... ಟಿಟ್ಟಿಭ ಹಕ್ಕಿ ಒಂದೇ ಸಮನೆ ಬೈಯುತ್ತಿದೆ. ಬೈಸಿಕೊಳ್ಳುತ್ತಿರುವವನು ನಾನು. ಐವತ್ತು ಹೆಜ್ಜೆ ದೂರದಲ್ಲಿ ಜೀಪು ನಿಲ್ಲಿಸಿದ್ದೇನೆ, ಅದಕ್ಕೆ ಅಷ್ಟೂ ಇಷ್ಟವಿಲ್ಲ.

ನಾನು ಕೆಲಸ ಮಾಡುವುದು ಪಾವಗಡದ ಸೋಲಾರ್ ಪಾರ್ಕಿನಲ್ಲಿ, ತಿರುಮಣಿ ಕಡೆ. ಸುಮಾರು 13,000 ಎಕರೆ, 2,050 ಮೆಗಾವ್ಯಾಟ್. ನೋಡಿದ ಕಡೆಯೆಲ್ಲ ಪ್ಯಾನೆಲ್. ರೈತರು ಈ ಜಮೀನನ್ನು ಮಾರಿಲ್ಲ, ಗುತ್ತಿಗೆಗೆ ಕೊಟ್ಟಿದ್ದಾರೆ. ಮೊದಲು ಇಲ್ಲಿ ಶೇಂಗಾ ಹೊಲಗಳಿದ್ದವು. ನಮ್ಮ ಜೊತೆ ಹುಲ್ಲು ಕೊಯ್ಯುವ ಅಣ್ಣ ಒಬ್ಬರಿದ್ದಾರೆ, ಅವರ ಜಮೀನೂ ಇದರಲ್ಲೇ ಸೇರಿದೆ. ಉಳುವಾಗ ಟಿಟ್ಟಿಭದ ಮೊಟ್ಟೆ ಕಂಡರೆ ಅಷ್ಟು ಜಾಗ ಬಿಟ್ಟು ನೇಗಿಲು ತಿರುಗಿಸುತ್ತಿದ್ದೆವು ಅನ್ನುತ್ತಾರೆ.

ಈಗ ಪರದೆ ನೋಡಿ. ಈ ಜಲ್ಲಿಯ ಮೇಲೆ ನಾಲ್ಕು ಮೊಟ್ಟೆ ಇವೆ. ಹುಡುಕಿ.

ಸಿಗಲಿಲ್ಲ ಅಲ್ವಾ? ಕೇಬಲ್ ಕಾಲುವೆಯ ಎಡಕ್ಕೆ, ಒಣ ಹುಲ್ಲಿನ ಪಕ್ಕ. ಮಣ್ಣಿನ ಬಣ್ಣ, ಮೇಲೆ ಕಪ್ಪು ಮಚ್ಚೆ. ಚೂಪು ತುದಿಗಳು ಒಳಗೆ, ದಪ್ಪ ಭಾಗ ಹೊರಗೆ. ಗೂಡು ಅಂದರೆ ಇಷ್ಟೇ. ನೆಲದಲ್ಲಿ ಅಂಗೈ ಅಗಲದ ಒಂದು ಗುಳಿ, ಸುತ್ತ ನಾಲ್ಕು ಕಲ್ಲು, ಒಂದಿಷ್ಟು ಆಡಿನ ಹಿಕ್ಕೆ.

ಹೋದ ವರ್ಷ ಇದೇ ದಾರಿಯಲ್ಲಿ ಒಂದು ಪಿಕಪ್ ಗಾಡಿ ಇಂಥದೇ ಗೂಡಿನ ಮೇಲೆ ಹತ್ತಿತು. ನಾನು ಮುಂದೆ ಕೂತಿದ್ದೆ. ಹಕ್ಕಿ ತಲೆಯ ಮೇಲೇ ಹಾರಾಡುತ್ತಾ ಕಿರುಚುತ್ತಿತ್ತು, ಸುಮ್ನೆ ಕೂಗುತ್ತಿದೆ ಅಂದುಕೊಂಡೆ. ಇಳಿದು ನೋಡಿದಾಗ ಟೈರಿನ ಗುರುತಿನಲ್ಲಿ ಹಳದಿ ಅಂಟಿತ್ತು. ಆಮೇಲೆ ಎರಡು ದಿನ ಆ ಜೋಡಿ ಅಲ್ಲೇ ಸುತ್ತುತ್ತಿತ್ತು. ಅದನ್ನು ಮರೆಯಲು ನನಗೆ ಆಗಿಲ್ಲ.

ಅದಕ್ಕೇ ಈ ಸಲ ಏಪ್ರಿಲ್ 3ರಂದು ಗೂಡು ಕಂಡ ಕೂಡಲೇ ಸೂಪರ್‌ವೈಸರ್ ಹತ್ತಿರ ಹೋದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಕಾಡು ಹಕ್ಕಿಯ ಮೊಟ್ಟೆ ಹಾಳು ಮಾಡಿದರೂ ಅದು ಬೇಟೆಯ ಲೆಕ್ಕಕ್ಕೇ ಬರುತ್ತದೆ. ಅದನ್ನು ಹೇಳಬೇಕು ಅಂತ ಓದಿಕೊಂಡೇ ಹೋಗಿದ್ದೆ. ಹೇಳುವ ಮೊದಲೇ ಅವರು ಒಪ್ಪಿದರು. ನಾಲ್ಕನೇ ಸಾಲಿನ ದಾರಿಯ ಎರಡೂ ತುದಿಗೆ ಕೋನ್ ಇಟ್ಟೆವು. ಗೂಡಿನ ಹತ್ತಿರ ಬಾವುಟ, ಕಲ್ಲು, ಏನೂ ಇಡಲಿಲ್ಲ. ನಮಗೆ ಗುರುತು ಸಿಕ್ಕರೆ ಕಾಗೆಗೂ ಸಿಗುತ್ತದೆ.

ಒಂದು ವಿಷಯ ಮಾತ್ರ ಎಲ್ಲರಿಗೂ ಮತ್ತೆ ಮತ್ತೆ ಹೇಳಬೇಕಾಯಿತು. ಮಧ್ಯಾಹ್ನ ಅದನ್ನು ಎಬ್ಬಿಸಬೇಡಿ. ಮೊಟ್ಟೆಗೆ ಕಾವು ಬೇಕು, ನಿಜ. ಆದರೆ ಏಪ್ರಿಲ್‌ನಲ್ಲಿ, ಹನ್ನೆರಡು ಗಂಟೆಗೆ, ಈ ಜಲ್ಲಿಯ ಮೇಲೆ ಬೇಕಾಗಿರುವುದು ನೆರಳು. ಹಕ್ಕಿ ಸ್ವಲ್ಪ ಹೊತ್ತು ದೂರ ಉಳಿದರೂ ಮೊಟ್ಟೆ ಬೆಂದುಹೋಗಬಹುದು. ಇಲ್ಲಿ ನೋಡಿ, ಅದು ಕೂತಿಲ್ಲ, ನಿಂತಿದೆ. ಬಾಯಿ ತೆರೆದು ಏದುಸಿರು ಬಿಡುತ್ತಾ ತನ್ನ ನೆರಳನ್ನು ಮೊಟ್ಟೆಗಳ ಮೇಲೆ ಹಿಡಿದಿದೆ. ಗಂಡು, ಹೆಣ್ಣು ಇಬ್ಬರೂ ಸರದಿ ಮಾಡುತ್ತಾರೆ. ಯಾರು ಯಾರು ಅಂತ ನೋಡಿದರೆ ಗೊತ್ತಾಗುವುದಿಲ್ಲ, ಇಬ್ಬರಿಗೂ ಅದೇ ಕೆಂಪು ಕೊಕ್ಕು, ಅದೇ ಹಳದಿ ಕಾಲು, ಕಣ್ಣಿನ ಮುಂದೆ ಅದೇ ಕೆಂಪು ತೊಗಲು.

ಮುಂದಿನ ಕ್ಲಿಪ್ ನನಗೆ ತುಂಬಾ ಇಷ್ಟ. ಪಕ್ಕದ ಸಾಲಿನಲ್ಲಿ ಟ್ಯಾಂಕರ್ ಪ್ಯಾನೆಲ್ ತೊಳೆದು ಹೋಗಿದೆ, ನೆಲದಲ್ಲಿ ಸ್ವಲ್ಪ ನೀರು ನಿಂತಿದೆ. ಹಕ್ಕಿ ಆ ನೀರಲ್ಲಿ ಹೊಟ್ಟೆ ಅದ್ದುತ್ತದೆ. ಎದ್ದು, ಮತ್ತೆ ಕೂತು, ಚೆನ್ನಾಗಿ ನೆನೆಸಿಕೊಳ್ಳುತ್ತದೆ. ಆಮೇಲೆ ನೇರ ಗೂಡಿಗೆ ಬಂದು ಒದ್ದೆ ಗರಿಯನ್ನು ಮೊಟ್ಟೆಗೆ ತಾಗಿಸಿ ಕೂರುತ್ತದೆ. ಮೊಟ್ಟೆ ತಂಪಾಗಲಿ ಅಂತ! ಇದನ್ನು ನೋಡಿದ ಮೇಲೆ ಟ್ಯಾಂಕರ್ ಡ್ರೈವರ್ ದಿನಾ ಅದೇ ತಗ್ಗಿಗೆ ಒಂದು ಬಕೆಟ್ ನೀರು ಸುರಿದು ಹೋಗುತ್ತಿದ್ದರು. ನಾನು ಕೇಳಿರಲಿಲ್ಲ.

ನಾಯಿ ಬಂದ ದಿನದ ವಿಡಿಯೋ ಅಲುಗಾಡಿದೆ, ಕ್ಷಮಿಸಿ, ಕೈ ನಡುಗುತ್ತಿತ್ತು. ಒಂದು ಹಕ್ಕಿ ರೆಕ್ಕೆ ಮುರಿದಂತೆ ನೆಲದಲ್ಲಿ ಎಳೆದುಕೊಂಡು ನಾಯಿಯ ಮುಂದೆಯೇ ಹೋಯಿತು. ನಾಯಿ ಹಿಂದೆ ಬಿತ್ತು. ಗೂಡಿನಿಂದ ದೂರ ಹೋದ ಮೇಲೆ ಹಕ್ಕಿ ಹಾರಿಬಿಟ್ಟಿತು.

ಆಕಾಶ ಬಿದ್ದರೆ ತಡೆಯಲು ಟಿಟ್ಟಿಭ ಕಾಲು ಮೇಲೆ ಮಾಡಿ ಮಲಗುತ್ತದೆ ಅನ್ನುವ ಮಾತಿದೆ. ರಾತ್ರಿ ಪಾಳಿಯಲ್ಲಿ ನಾನು ಯಾವಾಗ ಹೋದರೂ ಅದು ಎಚ್ಚರವಾಗಿಯೇ ಇತ್ತು. ಎರಡು ಗಂಟೆಗೂ ಕೂಗು.

ಏಪ್ರಿಲ್ 29, ಬೆಳಿಗ್ಗೆ ಆರೂವರೆ. ಹಕ್ಕಿಯ ಹೊಟ್ಟೆಯ ಕೆಳಗೆ ನೋಡಿ. ಹಕ್ಕಿಗೆ ಎರಡೇ ಕಾಲು ಇರಬೇಕಿತ್ತು. ಇಲ್ಲಿ ಎಷ್ಟು ಕಾಲಿವೆ, ಎಣಿಸಿ.

ಮೂರು ಮರಿ. ನಾಲ್ಕನೇ ಮೊಟ್ಟೆ ಒಡೆಯಲಿಲ್ಲ. ಪುಕ್ಕ ಒಣಗಿದ ಮೇಲೆ ಮರಿಗಳು ಅಂದೇ ಗೂಡು ಬಿಟ್ಟವು. ಯಾರೂ ಬಾಯಿಗೆ ತುತ್ತು ಕೊಡುವುದಿಲ್ಲ, ತಾವೇ ಹುಳ ಹುಡುಕಬೇಕು. ಅಪ್ಪ ಅಮ್ಮ ಕಾವಲು ಮಾತ್ರ. ಒಂದು ಕೂಗು ಬಂದರೆ ಸಾಕು, ಮೂರೂ ನೆಲಕ್ಕೆ ಅಂಟಿ ಕಲ್ಲಾಗುತ್ತವೆ. ಈಗ ಇದೇ ಫ್ರೇಮಿನಲ್ಲಿ ಇವೆ. ನನಗೂ ಕಾಣುತ್ತಿಲ್ಲ.

ಮೂರು ದಿನ ಬಿಟ್ಟು ಕೋನ್ ತೆಗೆದೆವು. ಉಳಿದಿದ್ದ ಮೊಟ್ಟೆ ಅಷ್ಟರಲ್ಲಿ ಅಲ್ಲಿರಲಿಲ್ಲ. ಹುಲ್ಲು ಕೊಯ್ಯುವ ಅಣ್ಣ ಇನ್ನೂ ಆ ಸಾಲಿಗೆ ಯಂತ್ರ ತಂದಿಲ್ಲ. ಮೊದಲು ನಡೆದು ನೋಡಿಕೊಂಡು ಬರುತ್ತೇನೆ ಅಂತ, ಅಗೋ, ಹೊರಟಿದ್ದಾರೆ.