ಕಟ್ಟು ಮೊದಲು, ಪಟ ಆಮೇಲೆ

ಕೇಳುಗರೆಲ್ಲರಿಗೂ ನಮಸ್ಕಾರ.

ನಿಮ್ಮ ಮನೆಯ ನಡುಕೋಣೆಯಲ್ಲಿ, ಬಾಗಿಲಿನ ಮೇಲೆ, ಅಜ್ಜನ ಕಾಲದ ಲಕ್ಷ್ಮಿಯ ಪಟವೊಂದು ಮುಂದಕ್ಕೆ ಬಾಗಿ ನಿಂತಿರಬಹುದು. ಈಗ ಕಣ್ಣು ಮುಚ್ಚಿ ಅದನ್ನು ನೆನೆಯಿರಿ. ಕಮಲ ನೆನಪಾಯಿತು, ಆನೆ ನೆನಪಾಯಿತು. ಸುತ್ತಲಿನ ಕಟ್ಟು, ಅಂದರೆ ಚೌಕಟ್ಟು, ಯಾವ ಬಣ್ಣದ್ದು? ಹೊಳೆಯಲಿಲ್ಲ, ಅಲ್ಲವೇ? ಹಳೆಯ ಕಟ್ಟುಗಳನ್ನು ದುರಸ್ತಿ ಮಾಡುತ್ತಲೇ ಬಂದಿರುವ ನನಗೆ ಇದೇ ಸಂಕಟ. ಇವತ್ತು ನಾನು ಹೇಳುವುದು ಒಂದೇ ಮಾತು: ಕಟ್ಟು ಮೊದಲು, ಪಟ ಆಮೇಲೆ.

ಉತ್ಪ್ರೇಕ್ಷೆ ಎನ್ನಬೇಡಿ. ಇಟಲಿಯ ಮಿಲಾನ್ ನಗರಕ್ಕೆ ಬನ್ನಿ. ಅಲ್ಲಿನ ಒಂದು ಭಕ್ತಮಂಡಳಿಗೆ ತಮ್ಮ ಪೂಜಾಪೀಠಕ್ಕೊಂದು ಅಲಂಕಾರ ಬೇಕಾಗಿತ್ತು. 1480ರಲ್ಲಿ ಅವರು ಕರೆದದ್ದು ಮರಗೆಲಸದವನನ್ನು. ಹೆಸರು ಜಾಕೊಮೊ ದೆಲ್ ಮೈನೊ. ಆತ ಕಂಬ, ಕಮಾನು, ಮೂರ್ತಿಗಳನ್ನೆಲ್ಲ ಕೆತ್ತಿ, ಗುಡಿಯ ಗೋಪುರದಂಥ ದೊಡ್ಡ ಚೌಕಟ್ಟನ್ನು ನಿಲ್ಲಿಸಿದ. ಅದರಲ್ಲಿ ಚಿತ್ರಗಳಿಗೆಂದು ಜಾಗ ಖಾಲಿ ಬಿಟ್ಟಿತ್ತು. ಆ ಖಾಲಿ ಜಾಗ ತುಂಬಿಸಲು 1483ರ ಏಪ್ರಿಲ್‌ನಲ್ಲಿ ಮೂವರು ಚಿತ್ರಕಾರರೊಡನೆ ಕರಾರು ಮಾಡಿಕೊಂಡರು. ಇಬ್ಬರು ಪ್ರೆಡಿಸ್ ಸಹೋದರರು. ಮೂರನೆಯವನು ಆಗಷ್ಟೇ ಮೂವತ್ತೊಂದು ತುಂಬಿದ್ದ ಲಿಯೊನಾರ್ಡೊ ಡ ವಿಂಚಿ!

ಕರಾರು ಚಿತ್ರ ಬರೆಯುವುದಕ್ಕಷ್ಟೇ ಮುಗಿಯಲಿಲ್ಲ. ಕೆತ್ತನೆಗೆ ಚಿನ್ನದ ರೇಕು ಹಚ್ಚುವ, ಬಣ್ಣ ತುಂಬುವ ಕೆಲಸವೂ ಅವರದೇ. ಮರಕ್ಕೆ ಜಿಪ್ಸಮ್ ಮತ್ತು ಅಂಟಿನ ಲೇಪ ಪದರ ಪದರವಾಗಿ ಬಳಿದು, ಉಜ್ಜಿ, ಕೆಮ್ಮಣ್ಣು ಸವರಿ, ಉಸಿರು ಬಿಗಿಹಿಡಿದು ರೇಕು ಕೂರಿಸಿ, ಹೊಳಪುಗಲ್ಲಿನಿಂದ ತಿಕ್ಕಬೇಕು. ನಮ್ಮ ಮೈಸೂರು ಶೈಲಿಯ ಕಲಾವಿದರಿಗೆ ಇದನ್ನು ವಿವರಿಸಬೇಕಿಲ್ಲ; ಮಕ್ಕಿ ಸಫೇದ ಎಂಬ ಲೇಪದ ಉಬ್ಬುಗೆಲಸದ ಮೇಲೆ ರೇಕು ಕೂರಿಸಿದ ಕೈಗೆ ಆ ಶ್ರಮ ಗೊತ್ತು. ಕೆಲವು ವರ್ಷಗಳಾದ ಮೇಲೆ ಚಿತ್ರಕಾರರು ಮನವಿ ಸಲ್ಲಿಸಿದರು: ಕೊಟ್ಟ 800 ಲಿರಾ ಬಹುಪಾಲು ಚೌಕಟ್ಟಿನ ಕೆಲಸಕ್ಕೇ ಕರಗಿಹೋಯಿತು, ಚಿತ್ರಕ್ಕೆ ಬೇರೆ ಹಣ ಕೊಡಿ! ವ್ಯಾಜ್ಯ 1508ರವರೆಗೂ ಎಳೆಯಿತು.

ಆ ಚಿತ್ರವೇ 'ಬಂಡೆಗಳ ನಡುವಿನ ಕನ್ಯೆ'. ಒಂದು ಪ್ರತಿ ಪ್ಯಾರಿಸ್ಸಿನ ಲೂವ್ರ್‌ನಲ್ಲಿದೆ, ಇನ್ನೊಂದು ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿ. ಜನ ಸಾಲುಗಟ್ಟಿ ನೋಡುತ್ತಾರೆ. ಜಾಕೊಮೊನ ಚೌಕಟ್ಟು? ಇಲ್ಲ, ಹೋಯಿತು. ಲಂಡನ್ನಿನವರಿಗೆ ಕೊರತೆ ಕಾಡಿರಬೇಕು. 2010ರಲ್ಲಿ ಹಳೆಯ ಇಟಾಲಿಯನ್ ಕೆತ್ತನೆಯ ತುಂಡುಗಳನ್ನು ಜೋಡಿಸಿ, ಜಾಕೊಮೊನ ಶೈಲಿಯಲ್ಲೇ ಹೊಸ ಕಟ್ಟು ಕಟ್ಟಿಸಿದರು. ಯೋಚಿಸಿ: ಕಟ್ಟಿಗಾಗಿ ಬರೆದ ಚಿತ್ರಕ್ಕೆ ಐದು ಶತಮಾನದ ಮೇಲೆ ಕಟ್ಟು ಹುಡುಕಬೇಕಾಯಿತು.

ಸಮಯ ಓಡುತ್ತಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಹಾಲೆಂಡಿನವರು ಹದಿನೇಳನೆಯ ಶತಮಾನದಲ್ಲಿ ಕಪ್ಪು ಕರಿಮರದ ಕಟ್ಟುಗಳನ್ನು ಮೆಚ್ಚಿದರು. ಫ್ರಾನ್ಸಿನ ಅರಮನೆಗಳಲ್ಲಿ ಚಿನ್ನವೇ ಚಿನ್ನ. ವ್ಯಾನ್ ಗೋ 1887ರಲ್ಲಿ ಹಣ್ಣುಗಳ ಚಿತ್ರವೊಂದನ್ನು ಬರೆದವನು ಕುಂಚವನ್ನು ಅಂಚಿನಲ್ಲಿ ನಿಲ್ಲಿಸದೆ ಚೌಕಟ್ಟಿಗೂ ಹಳದಿ ಬಳಿದ. ಅದು ಇಂದಿಗೂ ಆಮ್‌ಸ್ಟರ್‌ಡ್ಯಾಮಿನಲ್ಲಿದೆ. ನಮ್ಮಲ್ಲಿ ರವಿವರ್ಮನ ಮುದ್ರಣಾಲಯ 1894ರಲ್ಲಿ ಮುಂಬಯಿಯಲ್ಲಿ ಆರಂಭವಾದ ಮೇಲೆ ದೇವರು ಕಾಗದದಲ್ಲಿ ಮನೆಮನೆಗೆ ಬಂದ. ತೇವ, ಹೊಗೆ, ಗೆದ್ದಲಿನ ನಡುವೆ ಆ ಕಾಗದವನ್ನು ಇಷ್ಟು ಕಾಲ ಕಾಪಾಡಿದ್ದು ಗಾಜು ಮತ್ತು ನಾಲ್ಕು ಮರದ ಪಟ್ಟಿ.

ಆದ್ದರಿಂದ ದಯವಿಟ್ಟು, ಗಾಜು ಒಡೆಯಿತೆಂದು ಕಟ್ಟನ್ನೇ ಎಸೆದು ಪ್ಲಾಸ್ಟಿಕ್ಕಿನದು ತರಬೇಡಿ. ಗಾಜು ಮಾತ್ರ ಬದಲಾಯಿಸಲು ಹೇಳಿ. ಒದ್ದೆ ಬಟ್ಟೆ ಬೇಡ, ಚಿನ್ನದ ರೇಕು ಎದ್ದುಬರುತ್ತದೆ. ಮೆತ್ತನೆಯ ಒಣ ಕುಂಚ ಸಾಕು. ಇಂದೇ ಆ ಪಟವನ್ನು ಇಳಿಸಿ, ಬೆನ್ನು ತಿರುಗಿಸಿ ನೋಡಿ. ಕಟ್ಟು ಹಾಕಿದ ಅಂಗಡಿಯ ಚೀಟಿ ಅಂಟಿಕೊಂಡಿದ್ದರೆ ಕೀಳಬೇಡಿ. ಅದರಲ್ಲಿರುವ ಹೆಸರನ್ನೊಮ್ಮೆ ಗಟ್ಟಿಯಾಗಿ ಓದಿ.

ನಮಸ್ಕಾರ.