ಪಟ ಪಟ ಪಟ ಪೊನ್, ಆಮೇಲೆ ಸುಮ್ನಿರಿ

ಎಲ್ಲರಿಗೂ ನಮಸ್ಕಾರ. ಮಾತಿಗೆ ಮುಂಚೆ ಒಂದು ಸಣ್ಣ ಕೆಲಸ. ಕೈಲಿರುವ ಫೋನ್ ಕೆಳಗಿಡಿ. ತೊಡೆ ಮೇಲೆ ನಾಲ್ಕು ಸಲ ತಟ್ಟಿ. ಪಟ, ಪಟ, ಪಟ, ಪೊನ್. ಈಗ ಅಷ್ಟೇ ಹೊತ್ತು ಸುಮ್ನಿರಿ. ಮತ್ತೆ ತಟ್ಟಿ. ನೋಡಿ, ಹಿಂದಿನ ಸಾಲಿನಲ್ಲಿ ಯಾರೋ ಸುಮ್ಮನಿರಬೇಕಾದಾಗಲೂ ಒಂದು ಪೆಟ್ಟು ಹಾಕಿಬಿಟ್ಟರು! ಗೇಮ್‌ನಲ್ಲಾಗಿದ್ದರೆ ನಿಮ್ಮ ಸೈನ್ಯದ ತಾಳವೇ ಮುರಿಯುತ್ತಿತ್ತು.

ಆ ಗೇಮ್ ಹೆಸರು ಪಟಪೊನ್. ಸೋನಿಯ ಪಿಎಸ್‌ಪಿ ಎಂಬ ಅಂಗೈಯಲ್ಲಿ ಹಿಡಿಯುವ ಗೇಮ್ ಯಂತ್ರಕ್ಕಾಗಿ 2007ರ ಡಿಸೆಂಬರ್‌ನಲ್ಲಿ ಜಪಾನಿನಲ್ಲಿ ಬಂತು. ಮುಂದಿನ ವರ್ಷ ಯೂರೋಪು, ಅಮೆರಿಕಕ್ಕೂ ಹೋಯಿತು. ಜಪಾನಿಯಲ್ಲಿ ಪಟಪಟ ಅಂದರೆ ರೆಕ್ಕೆ ಬಡಿಯುವ ಸದ್ದು, ಪುಟ್ಟ ಹೆಜ್ಜೆಗಳ ಸದ್ದು. ನಮ್ಮ ಹಕ್ಕಿಗಳೂ ಪಟಪಟ ಅಂತಲೇ ರೆಕ್ಕೆ ಬಡಿಯುತ್ತವೆ, ಅಲ್ವಾ? ಪೊನ್ ಅಂದರೆ ಡೋಲು ತಟ್ಟಿದ ಸದ್ದು.

ಈ ಗೇಮ್‌ನಲ್ಲಿ ನೀವು ಓಡುವುದಿಲ್ಲ, ಹಾರುವುದಿಲ್ಲ. ಸ್ಕ್ರೀನ್ ಮೇಲೆ ನೀವು ಕಾಣುವುದೇ ಇಲ್ಲ. ನೀವು ಬರೀ ಡೋಲು ಬಡಿದು ಪುಟ್ಟ ಸೈನ್ಯಕ್ಕೆ ಆಜ್ಞೆ ಕೊಡುವ ದೇವರು. ಚೌಕದ ಬಟನ್ ಪಟ, ವೃತ್ತದ್ದು ಪೊನ್, ತ್ರಿಕೋನದ್ದು ಚಾಕ, ಗುಣಾಕಾರದ ಗುರುತಿನದ್ದು ಡೊನ್. ಪಟ ಪಟ ಪಟ ಪೊನ್ ಅಂದರೆ ಮುಂದೆ ನಡೆಯಿರಿ. ಪೊನ್ ಪೊನ್ ಪಟ ಪೊನ್ ಅಂದರೆ ಹೊಡೆಯಿರಿ. ಚಾಕ ಚಾಕ ಪಟ ಪೊನ್ ಅಂದರೆ ಕಾಪಾಡಿಕೊಳ್ಳಿ. ನಮ್ಮಲ್ಲಿ ಮೃದಂಗ ಕಲಿಯುವವರು ತಕಧಿಮಿ ಅಂತ ಬಾಯಲ್ಲಿ ಹೇಳಿಕೊಳ್ಳುತ್ತಾರಲ್ಲ, ಇಲ್ಲೂ ಹಾಗೇ. ಹತ್ತು ನಿಮಿಷ ಆಡಿದರೆ ಬಟನ್ ಮರೆತುಹೋಗುತ್ತದೆ, ಬಾಯಲ್ಲಿ ಬರುವ ಸದ್ದನ್ನೇ ಬೆರಳು ಬಾರಿಸುತ್ತದೆ.

ನನಗೆ ಇಷ್ಟವಾಗುವುದು ಮಾತ್ರ ಬಡಿಯದೇ ಇರುವ ಆ ನಾಲ್ಕು ಪೆಟ್ಟು. ಒಂದು ಪೆಟ್ಟಿಗೆ ಸುಮಾರು ಅರ್ಧ ಸೆಕೆಂಡ್. ನೀವು ಎರಡು ಸೆಕೆಂಡ್ ಬಡಿಯುತ್ತೀರಿ, ಸೈನಿಕರು ಎರಡು ಸೆಕೆಂಡ್ ಹಾಡುತ್ತಾರೆ. ನಿಮ್ಮದೇ ಪದಗಳನ್ನು ಮಕ್ಕಳ ಥರದ ದನಿಯಲ್ಲಿ ತಿರುಗಿ ಹಾಡುತ್ತಾ ನಡೆಯುತ್ತಾರೆ, ಈಟಿ ಎಸೆಯುತ್ತಾರೆ. ತಪ್ಪಿಲ್ಲದೆ ಬಡಿಯುತ್ತಾ ಹೋದರೆ ಸೈನ್ಯಕ್ಕೆ ಆವೇಶ ಬರುತ್ತದೆ, ಗೇಮ್‌ನಲ್ಲಿ ಅದಕ್ಕೆ ಫೀವರ್ ಅಂತಾರೆ. ಆಗ ಅದೇ ಹಾಡು ಜಾತ್ರೆ ಗದ್ದಲದಷ್ಟು ಜೋರಾಗುತ್ತದೆ. ಕೈ ತುರಿಸಿ ನಡುವೆ ಒಂದು ಪೆಟ್ಟು ಹಾಕಿದಿರೋ, ಎಲ್ಲಾ ಠುಸ್. ಮತ್ತೆ ಮೊದಲಿನಿಂದ. ಕೆಮ್ಮೇಯ್ ಅದಾಚಿ ಅವರ ಸಂಗೀತದ ಜಾಣತನ ಇಲ್ಲಿದೆ. ಅಂಕ ನೋಡಬೇಕಿಲ್ಲ, ಚೆನ್ನಾಗಿ ಆಡುತ್ತಿದ್ದೀರೋ ಇಲ್ಲವೋ ಅಂತ ಹಾಡೇ ಹೇಳಿಬಿಡುತ್ತದೆ.

ಇನ್ನು ಚಿತ್ರ. ನಿರ್ದೇಶಕ ಹಿರೋಯುಕಿ ಕೋತಾನಿ ಅವರಿಗೆ ಫ್ರಾನ್ಸಿನ ರೋಲಿತೋ ಎಂಬ ಕಲಾವಿದರ ಚಿತ್ರಗಳು ಇಂಟರ್ನೆಟ್ಟಲ್ಲಿ ಸಿಕ್ಕವು. ಗೇಮ್ ಹುಟ್ಟಿದ್ದು ಆ ಚಿತ್ರಗಳಿಂದ. ಸೈನಿಕರದು ಕಪ್ಪು ಗುಂಡು ಮೈ, ಮೈತುಂಬ ಒಂದೇ ಬಿಳಿ ಕಣ್ಣು, ಕಡ್ಡಿಯಂಥ ಕೈಕಾಲು. ಶತ್ರುಗಳೂ ಕಪ್ಪು, ಹುಲ್ಲೂ ಕಪ್ಪು. ಹಿಂದೆ ಒಂದೆರಡು ಬಣ್ಣದ ಆಕಾಶ. ತೊಗಲುಗೊಂಬೆ ಥರ ಅಂತ ಹೇಳುವ ಆಸೆ ನನಗೂ ಇತ್ತು. ಆದರೆ ನಮ್ಮ ತೊಗಲುಗೊಂಬೆಯಲ್ಲಿ ಕೆಂಪು, ಹಸಿರು ಹೊಳೆಯುತ್ತದೆ. ಇದು ಅಪ್ಪಟ ನೆರಳು.

ಪಿಎಸ್‌ಪಿ ಸ್ಕ್ರೀನ್ 4.3 ಇಂಚು. ಅಷ್ಟರಲ್ಲಿ ಇಡೀ ಸೈನ್ಯ ಒಟ್ಟಿಗೆ ಕುಣಿಯುವಾಗ ಕಣ್ಣು, ಮೂಗು, ಬಟ್ಟೆ ಅಂತ ಬಿಡಿಸಿದ್ದರೆ ಬರೀ ಗಿಜಿಗಿಜಿ. ಕಪ್ಪು ಆಕಾರವಾದರೆ ಬಸ್ಸಿನ ಬಿಸಿಲಿನಲ್ಲೂ ಯಾರು ಈಟಿ ಎತ್ತಿದರು ಅಂತ ಗೊತ್ತಾಗುತ್ತದೆ. ಇನ್ನೊಂದು ವಿಷಯ. ಬೇರೆ ಬಹಳಷ್ಟು ತಾಳದ ಗೇಮ್‌ಗಳಲ್ಲಿ ಗುರುತುಗಳು ಸಾಲಾಗಿ ಹರಿದು ಬರುತ್ತವೆ, ಗೆರೆ ಮುಟ್ಟಿದಾಗ ಒತ್ತಬೇಕು. ಅವನ್ನು ಕಣ್ಣಲ್ಲೇ ಆಡಬಹುದು. ಇಲ್ಲಿ ಅಂಥ ಗುರುತೇ ಇಲ್ಲ. ಸ್ಕ್ರೀನಿನ ಅಂಚು ಮಾತ್ರ ತಾಳಕ್ಕೆ ಮಿನುಗುತ್ತದೆ.

ಒಮ್ಮೆ ರಾತ್ರಿ ಬಸ್ಸಿನಲ್ಲಿ ಇಯರ್‌ಫೋನ್ ಮರೆತು, ಪಕ್ಕದವರ ನಿದ್ದೆ ಕೆಡಬಾರದು ಅಂತ ಸೌಂಡ್ ಪೂರ್ತಿ ಇಳಿಸಿ ಆಡಿದೆ. ಅಂಚಿನ ಮಿಣುಕು ನೋಡಿಯೇ ಬಡಿಯುವಾ ಅಂತ. ಮಿಣುಕು ಕಂಡ ಮೇಲೆ ಒತ್ತಿದರೆ ಆಗಲೇ ತಡ! ಕಿವಿ ಮುಂದಿನ ಪೆಟ್ಟನ್ನು ಮೊದಲೇ ಊಹಿಸುತ್ತದೆ, ಕಣ್ಣು ಬಂದದ್ದನ್ನು ನೋಡುತ್ತದೆ ಅಷ್ಟೇ. ಮೂರು ಸಲ ಸೈನ್ಯ ಸತ್ತಿತು, ನಾನೂ ಮಲಗಿದೆ.

2017ರಲ್ಲಿ ಇದೇ ಗೇಮ್ ಟಿವಿಗೆ ಜೋಡಿಸಿ ಆಡುವ ಸೋನಿಯ ಪಿಎಸ್4 ಯಂತ್ರಕ್ಕೆ ಬಂತು. ಗೆಳೆಯನ ಮನೆಯ ದೊಡ್ಡ ಟಿವಿಯಲ್ಲಿ ಹಾಕಿದೆವು. ಚಿತ್ರ ಗಾಜಿನಷ್ಟು ಚೊಕ್ಕ, ಆದರೆ ಪಟ ಅಂತ ಒತ್ತಿದರೆ ಸದ್ದು ಒಂದು ಚೂರು ತಡೆದು ಬರುತ್ತಿತ್ತು. ಹತ್ತನೇ ಒಂದು ಸೆಕೆಂಡ್ ಅಂದರೂ ಪೆಟ್ಟಿನ ಐದನೇ ಒಂದು ಭಾಗ ಹೋಯಿತು. ಟಿವಿಯನ್ನು ಗೇಮ್ ಮೋಡ್‌ಗೆ ಹಾಕಿದ ಮೇಲೆ ಸ್ವಲ್ಪ ಸರಿಹೋಯಿತು. ಅಂಗೈಯಲ್ಲಿ ಹಿಡಿದಾಗಿನ ಸುಖ ಬರಲಿಲ್ಲ. ಬಟನ್, ಸ್ಪೀಕರ್, ಸ್ಕ್ರೀನ್ ಮೂರೂ ಒಂದೇ ಗೇಣಿನಲ್ಲಿ ಇರುವುದರ ಬೆಲೆ ನನಗೆ ಅವತ್ತು ಗೊತ್ತಾಯಿತು.

ಇದೋ ನನ್ನ ಪಿಎಸ್‌ಪಿ. ಚಾರ್ಜ್ ಇದೆ, ಈ ಸಲ ಇಯರ್‌ಫೋನೂ ತಂದಿದ್ದೇನೆ. ಹಿಂದಿನ ಸಾಲಿನಲ್ಲಿ ಒಂದು ಪೆಟ್ಟು ಜಾಸ್ತಿ ಹಾಕಿದರಲ್ಲ, ಮೊದಲು ಅವರೇ ಬನ್ನಿ.